ಏಡ್ಸ್‌ನಿಂದ ಉಳಿದವರನ್ನು ಲಿವರ್ ಕೊಲ್ಲಬೇಕೆ?

ಎಚ್.ಐ.ವಿ. ಬಂದವನು ಏಡ್ಸ್‌ನಿಂದಲೇ ಸಾಯುತ್ತಾನೆ ಎಂಬುದು ನಮ್ಮ ಜನ ಬಹಳ ಕಾಲ ನಂಬಿಕೊಂಡು ಬಂದ ಮಾತು. ಆ ಮಾತು ಈಗ ಹಳತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಡುವ ಮಾತ್ರೆಯನ್ನು ದಿನಾ ತಪ್ಪದೆ ನುಂಗಿದವನು ಇವತ್ತು ಅಂಗಡಿ ನಡೆಸುತ್ತಾನೆ, ಬಸ್ಸು ಓಡಿಸುತ್ತಾನೆ, ಮಗಳ ಮದುವೆ ಮಾಡುತ್ತಾನೆ, ಮೊಮ್ಮಗನನ್ನು ಎತ್ತಿ ಆಡಿಸುತ್ತಾನೆ. ಆದರೆ ಇಂಥವರಲ್ಲೇ ಕೆಲವರು ಒಂದು ದಿನ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ರಕ್ತ ವಾಂತಿ ಮಾಡಿಕೊಂಡು ಸಾಯುತ್ತಾರೆ. ಮನೆಯವರು "ಕಾಮಾಲೆ" ಅನ್ನುತ್ತಾರೆ. ಊರವರು "ಅದೇ ಕಾಯಿಲೆ ಕಣ್ರೀ" ಅಂತ ಪಿಸುಗುಟ್ಟುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಅನೇಕ ಸಲ ಕೊಂದದ್ದು ಬೇರೊಂದು ವೈರಸ್ಸು. ಅದರ ಹೆಸರು ಹೆಪಟೈಟಿಸ್ ಸಿ.

ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಎಚ್.ಐ.ವಿ.ಗೆ ಬದುಕಿರುವಷ್ಟು ದಿನ ಮಾತ್ರೆ ನುಂಗಬೇಕು. ಕಾಯಿಲೆ ಅಂಕೆಯಲ್ಲಿರುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ. ಹೆಪಟೈಟಿಸ್ ಸಿ ಹಾಗಲ್ಲ. ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ತಿಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಪೂರ್ತಿ ಗುಣವಾಗುತ್ತದೆ. ಆ ಮಾತ್ರೆಯೂ ಸರ್ಕಾರದ ಲೆಕ್ಕದಲ್ಲಿ ಉಚಿತ. ಅಂದರೆ ಏನಾಯಿತು? ಗುಣವಾಗದ ಕಾಯಿಲೆಯಿಂದ ಮನುಷ್ಯನನ್ನು ಉಳಿಸಿಕೊಂಡು, ಗುಣವಾಗುವ ಕಾಯಿಲೆಗೆ ಬಲಿ ಕೊಡುತ್ತಿದ್ದೇವೆ. ದುರ್ಭಿಕ್ಷದಲ್ಲಿ ಅಧಿಕ ಮಾಸ ಬಂದರೆ ಪಂಚಾಂಗವನ್ನು ಬೈಯಬಹುದು. ಇಲ್ಲಿ ಯಾರನ್ನು ಬೈಯೋಣ?

ಎರಡು ವೈರಸ್ಸು, ಒಂದೇ ಸೂಜಿ

ಮೊದಲು ಈ ಜೋಡಿಯ ಪರಿಚಯ ಮಾಡಿಕೊಳ್ಳೋಣ. ಎಚ್.ಐ.ವಿ. ಪತ್ತೆಯಾದದ್ದು 1983ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1986ರಲ್ಲಿ, ಮದರಾಸಿನಲ್ಲಿ, ಡಾ. ಸುನೀತಿ ಸೊಲೊಮನ್ ಅವರ ತಂಡದ ಪರೀಕ್ಷೆಯಲ್ಲಿ. ಹೆಪಟೈಟಿಸ್ ಸಿ ವೈರಸ್ಸನ್ನು ಗುರುತು ಹಿಡಿದದ್ದು 1989ರಲ್ಲಿ. ಅದಕ್ಕೆ ಮುಂಚೆ ಅದಕ್ಕೊಂದು ಹೆಸರೂ ಇರಲಿಲ್ಲ. "ಎ ಅಲ್ಲ, ಬಿ ಅಲ್ಲ" ಅಂತಲೇ ಡಾಕ್ಟರುಗಳು ಕರೆಯುತ್ತಿದ್ದರು. ಈ ಹುಡುಕಾಟಕ್ಕಾಗಿ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಬಂತು.

ಎರಡೂ ರಕ್ತದ ದಾರಿಯಲ್ಲಿ ಬರುವಂಥವು. ಆದರೆ ಸ್ವಭಾವ ಬೇರೆ ಬೇರೆ. ಎಚ್.ಐ.ವಿ. ಹೆಚ್ಚಾಗಿ ಹರಡುವುದು ದೇಹ ಸಂಪರ್ಕದಿಂದ. ಹೆಪಟೈಟಿಸ್ ಸಿ ಹೆಚ್ಚಾಗಿ ಹರಡುವುದು ಸೂಜಿಯಿಂದ, ಪರೀಕ್ಷೆಯಾಗದ ರಕ್ತದಿಂದ, ಸರಿಯಾಗಿ ಕುದಿಸದ ಆಸ್ಪತ್ರೆ ಸಾಮಾನಿನಿಂದ. ಬಳಸಿದ ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಅದು ವಾರಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಹೀಗಾಗಿ ಒಂದೇ ಸೂಜಿಯನ್ನು ಹಲವರು ಹಂಚಿಕೊಂಡ ಕಡೆ ಎರಡೂ ಒಟ್ಟಿಗೆ ಒಳಗೆ ಬರುತ್ತವೆ.

ಹೆಪಟೈಟಿಸ್ ಸಿ ಬಂದವರಲ್ಲಿ ಸುಮಾರು ನೂರಕ್ಕೆ 30 ಮಂದಿಗೆ ಅದು ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಉಳಿದ 70 ಮಂದಿಯ ಲಿವರಿನಲ್ಲಿ ತಳವೂರಿ ಕೂತುಬಿಡುತ್ತದೆ. ಮೊದಲ ದಿನದಲ್ಲಿ ಕಣ್ಣು ಹಳದಿಯಾಗುವುದು ಕೆಲವರಿಗೆ ಮಾತ್ರ. ಹೆಚ್ಚಿನವರಿಗೆ ಹತ್ತು ಹದಿನೈದು ವರ್ಷ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಸುಸ್ತು, ಅಷ್ಟೆ. ಯಾರಿಗಿಲ್ಲ ಸುಸ್ತು? ಒಳಗೆ ಮಾತ್ರ ಲಿವರ್ ಗಾಯವಾಗುವುದು, ಮಾಯುವುದು, ಮತ್ತೆ ಗಾಯವಾಗುವುದು. ಕಡೆಗೆ ಮೆತ್ತಗಿದ್ದ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಅನ್ನುತ್ತಾರೆ. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ, ಕೆಲವರಿಗೆ ಲಿವರ್ ಕ್ಯಾನ್ಸರು.

ವಿಶ್ವ ಆರೋಗ್ಯ ಸಂಸ್ಥೆಯವರು ಕೊಟ್ಟ ಅಂದಾಜಿನ ಪ್ರಕಾರ ಎರಡೂ ವೈರಸ್ಸು ತಗುಲಿದವರು ಜಗತ್ತಿನಲ್ಲಿ 23 ಲಕ್ಷದಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾದಕ ವಸ್ತುವನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವವರು.

ಮಣಿಪುರ ಕಲಿಸಿದ ಪಾಠ

ನಮ್ಮ ದೇಶದಲ್ಲಿ ಈ ಜೋಡಿ ಕಾಯಿಲೆಯ ಕತೆ ತಿಳಿಯಬೇಕಾದರೆ ಮಣಿಪುರಕ್ಕೆ ಹೋಗಬೇಕು. ಬರ್ಮಾ ಗಡಿಗೆ ಅಂಟಿಕೊಂಡ ಪುಟ್ಟ ರಾಜ್ಯ. ಗಡಿಯ ಮೋರೆ ಊರಿನಿಂದ ಹೆದ್ದಾರಿ ಹಿಡಿದು ಇಂಫಾಲಕ್ಕೆ ಹೆರಾಯಿನ್ ಬರುತ್ತಿತ್ತು. 1980ರ ದಶಕದಲ್ಲಿ ಅದು ಅಲ್ಲಿನ ಹುಡುಗರ ಕೈಗೆ ಸಲೀಸಾಗಿ ಸಿಗತೊಡಗಿತು. ನಂಬರ್ ಫೋರ್ ಅಂತ ಅದರ ಬೀದಿ ಹೆಸರು. ಹೊಗೆ ಸೇದುವವರು ಕಡಿಮೆ, ನರಕ್ಕೆ ಚುಚ್ಚಿಕೊಳ್ಳುವವರೇ ಹೆಚ್ಚು. ಜೇಬಿನಲ್ಲಿ ಸಿರಿಂಜು ಸಿಕ್ಕಿದರೆ ಪೊಲೀಸರ ಕಾಟ. ಹಾಗಾಗಿ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ಮೂಲೆ, ಒಂದು ಸೂಜಿ, ನಾಲ್ಕಾರು ತೋಳು.

1989ರ ಕೊನೆಯವರೆಗೆ ಅಲ್ಲಿನ ಸೂಜಿ ವ್ಯಸನಿಗಳ ರಕ್ತದಲ್ಲಿ ಎಚ್.ಐ.ವಿ. ಕಂಡಿರಲಿಲ್ಲ. ಕಂಡದ್ದೇ ತಡ, ಕೆಲವೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿಕೊಂಡ ವ್ಯಸನಿಗಳಲ್ಲಿ ಅರ್ಧದಷ್ಟು ಮಂದಿಗೆ ಅಂಟಿತ್ತು. ಇಷ್ಟು ವೇಗವಾಗಿ ಹರಡಿದ್ದು ಬೇರೆ ಕಡೆ ಅಪರೂಪ. ಆಗ ಎಲ್ಲರ ಕಣ್ಣೂ ಏಡ್ಸ್ ಮೇಲೆ. ಅದೇ ಸೂಜಿಯಲ್ಲಿ ಇನ್ನೊಂದು ವೈರಸ್ಸೂ ಪ್ರಯಾಣ ಮಾಡುತ್ತಿತ್ತು ಎಂಬುದು ಯಾರ ತಲೆಗೂ ಹೋಗಲಿಲ್ಲ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್.ಐ.ವಿ. ಇದ್ದ ಮಣಿಪುರದ ಸೂಜಿ ವ್ಯಸನಿಗಳ ರಕ್ತ ಪರೀಕ್ಷಿಸಿತು. ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಹೆಪಟೈಟಿಸ್ ಸಿ ಗುರುತು ಸಿಕ್ಕಿತು. ಸೂಜಿ ಮುಟ್ಟದ ಅವರ ಹೆಂಡಂದಿರಲ್ಲೂ ಸಿ ಇತ್ತು, ಆದರೆ ತೀರ ಕಡಿಮೆ. ಎಚ್.ಐ.ವಿ. ಮನೆಯೊಳಗೆ ಬಂದಷ್ಟು ಸುಲಭವಾಗಿ ಹೆಪಟೈಟಿಸ್ ಸಿ ಬರಲಿಲ್ಲ. ಸೂಜಿಯ ಕಾಯಿಲೆ ಸೂಜಿಯ ಹತ್ತಿರವೇ ಉಳಿಯಿತು.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್.ಐ.ವಿ. ಮಾತ್ರೆಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲ ಸುತ್ತಿನಲ್ಲಿ ಮಣಿಪುರವೂ ಇತ್ತು, ನಮ್ಮ ಕರ್ನಾಟಕವೂ ಇತ್ತು. ಹಾಸಿಗೆ ಹಿಡಿದವರು ಎದ್ದು ಕೂತರು. ಎದ್ದವರು ಕೆಲಸಕ್ಕೆ ಹೋದರು. ಇನ್ನೇನು ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಮಣಿಪುರದಲ್ಲಿ ಲಿವರ್ ಕೆಟ್ಟವರ ಸಾಲು ಶುರುವಾಯಿತು. ಲಿವರ್ ಹೋಗಲು ಇಪ್ಪತ್ತು ವರ್ಷ ಬೇಕು. ಏಡ್ಸ್ ಅಷ್ಟು ದಿನ ಕಾಯಲು ಬಿಡುತ್ತಿರಲಿಲ್ಲ. ಈಗ ಏಡ್ಸ್ ಬದಿಗೆ ಸರಿದು ನಿಂತಿತು, ಲಿವರಿನ ಸರದಿ ಬಂತು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು.

ಡಾಕ್ಟರುಗಳ ಜಗಳ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆಪಟೈಟಿಸ್ ಸಿ ಇದ್ದರೆ ಎಚ್.ಐ.ವಿ. ಕಾಯಿಲೆಯೇ ಜೋರಾಗುತ್ತದೆಯೋ? ಅಂದರೆ ಏಡ್ಸ್ ಬೇಗ ಬರುತ್ತದೆಯೋ? ಇದರ ಬಗ್ಗೆ ಜಗತ್ತಿನ ದೊಡ್ಡ ದೊಡ್ಡ ಡಾಕ್ಟರುಗಳೇ ವರ್ಷಗಟ್ಟಲೆ ಕಿತ್ತಾಡಿದ್ದಾರೆ.

2000ರಲ್ಲಿ ಸ್ವಿಟ್ಜರ್ಲೆಂಡಿನವರು ಒಂದು ಲೆಕ್ಕ ಮುಂದಿಟ್ಟರು. ಎಚ್.ಐ.ವಿ. ಮಾತ್ರೆ ಶುರು ಮಾಡಿದ 3111 ರೋಗಿಗಳನ್ನು ಅವರು ಹಿಂಬಾಲಿಸಿದ್ದರು. ಅದರಲ್ಲಿ ನೂರಕ್ಕೆ 37 ಮಂದಿಗೆ ಸಿ ಕೂಡ ಇತ್ತು. ಎರಡೂ ಇದ್ದವರಲ್ಲಿ ಏಡ್ಸ್ ಇಲ್ಲವೇ ಸಾವು ಬರುವ ಅಪಾಯ ಸುಮಾರು 1.7 ಪಟ್ಟು ಹೆಚ್ಚು ಅಂದರು. ರಕ್ತದಲ್ಲಿ ಸಿಡಿ4 ಎಂಬ ಕಾವಲು ಕಣಗಳಿರುತ್ತವೆ. ಆರೋಗ್ಯವಂತರಲ್ಲಿ ಒಂದು ಹನಿಯ ಸಣ್ಣ ಪಾಲಿನಲ್ಲೇ ಐನೂರಕ್ಕೂ ಮೇಲೆ. ಎಚ್.ಐ.ವಿ. ತಿನ್ನುವುದು ಇವುಗಳನ್ನೇ. ಇನ್ನೂರಕ್ಕಿಂತ ಕೆಳಗಿಳಿದರೆ ಏಡ್ಸ್ ಎಂಬ ಲೆಕ್ಕ. ಮಾತ್ರೆ ತಿಂದರೆ ಈ ಕಣಗಳು ಮತ್ತೆ ಏರಬೇಕು. ಸಿ ಇದ್ದವರಲ್ಲಿ ಏರಿಕೆ ನಿಧಾನ ಎಂದು ಸ್ವಿಸ್ ಡಾಕ್ಟರುಗಳ ಮಾತು.

ಎರಡೇ ವರ್ಷದಲ್ಲಿ, 2002ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು "ಹಾಗೇನಿಲ್ಲ" ಅಂದರು. ಅವರ ಲೆಕ್ಕದಲ್ಲಿ 1955 ರೋಗಿಗಳು. ಅದರಲ್ಲಿ ನೂರಕ್ಕೆ 45ರ ಹತ್ತಿರ ಸಿ ಇದ್ದವರು. ಅವರು ನೋಡಿದ ಸತ್ಯ ಬೇರೆ. ಸಿ ಇದ್ದವರಲ್ಲಿ ಎಚ್.ಐ.ವಿ. ಮಾತ್ರೆ ಸಿಕ್ಕವರೇ ಕಡಿಮೆ. ಸೂಜಿ ಚಟ ಇದ್ದವನಿಗೆ ಮಾತ್ರೆ ಬರೆದುಕೊಡಲು ಡಾಕ್ಟರಿಗೆ ಧೈರ್ಯವಿಲ್ಲ, ಕೊಟ್ಟರೂ ಅವನಿಗೆ ದಿನಾ ನುಂಗುವ ನೇಮವಿಲ್ಲ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೆ ಏಡ್ಸ್ ಬರುವ ವೇಗದಲ್ಲಿ ಸಿಯ ಪಾತ್ರ ಕಾಣುವುದಿಲ್ಲ ಎಂದರು.

ಯಾರದು ಸರಿ? ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. 2005ರ ಅಂಥ ಒಂದು ಲೆಕ್ಕದಲ್ಲಿ ಸಿ ಇದ್ದವರ ಸಿಡಿ4 ಏರಿಕೆ ಸರಾಸರಿ 33ರಷ್ಟು ಕಡಿಮೆ ಎಂದು ಬಂತು. ವ್ಯತ್ಯಾಸ ಇದೆ, ಆದರೆ ಸಣ್ಣದು. 2009ರ ಇನ್ನೊಂದು ಲೆಕ್ಕ ವಿಷಯವನ್ನು ಇನ್ನೂ ಸ್ಪಷ್ಟ ಮಾಡಿತು. ಒಳ್ಳೆಯ ಮಾತ್ರೆ ಬಂದ ಮೇಲಿನ ಕಾಲದಲ್ಲಿ ಸಿ ಇದ್ದವರಿಗೆ ಏಡ್ಸ್ ಕಾಯಿಲೆಗಳು ಗಣನೀಯವಾಗಿ ಹೆಚ್ಚೇನೂ ಬರುವುದಿಲ್ಲ. ಆದರೆ ಸಾವು ಮಾತ್ರ ಸುಮಾರು ಮೂರನೇ ಒಂದು ಪಾಲು ಹೆಚ್ಚು.

ಈ ಎರಡು ವಾಕ್ಯವನ್ನು ಮತ್ತೊಮ್ಮೆ ಓದಿಕೊಳ್ಳಿ. ಏಡ್ಸ್ ಹೆಚ್ಚಾಗಲಿಲ್ಲ, ಸಾವು ಹೆಚ್ಚಾಯಿತು. ಹಾಗಾದರೆ ಕೊಂದದ್ದು ಯಾರು?

ಉತ್ತರ ಲಿವರಿನಲ್ಲಿದೆ

ಯೂರೋಪು, ಅಮೆರಿಕ, ಆಸ್ಟ್ರೇಲಿಯಾ ಸೇರಿಸಿ 23 ಸಾವಿರಕ್ಕೂ ಹೆಚ್ಚು ಎಚ್.ಐ.ವಿ. ರೋಗಿಗಳ ದೊಡ್ಡ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಬಂತು. ಸತ್ತವರು 1246 ಮಂದಿ. ಅದರಲ್ಲಿ ನೂರಕ್ಕೆ 14ಕ್ಕೂ ಹೆಚ್ಚು ಸಾವು ಲಿವರಿನದು. ಏಡ್ಸ್ ಬಿಟ್ಟರೆ ಮುಂದಿನ ದೊಡ್ಡ ಕಾರಣವೇ ಅದು. ಲಿವರಿನಿಂದ ಸತ್ತವರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿಗೆ ಹೆಪಟೈಟಿಸ್ ಸಿ ಇತ್ತು.

ಅಂದರೆ ನಾವು ಪ್ರಶ್ನೆಯನ್ನೇ ತಲೆಕೆಳಗು ಮಾಡಿ ಕೇಳುತ್ತಿದ್ದೆವು. ಸಿ ಬಂದು ಎಚ್.ಐ.ವಿ.ಯನ್ನು ಕೆಣಕುವುದಕ್ಕಿಂತ, ಎಚ್.ಐ.ವಿ. ಬಂದು ಸಿಯನ್ನು ಕೆಣಕುವುದೇ ಹೆಚ್ಚು. ಇದರ ಒಳಗುಟ್ಟು ಹೀಗಿದೆ. ಸಿ ವೈರಸ್ಸನ್ನು ಲಗಾಮು ಹಾಕಿ ಹಿಡಿದಿರುವುದು ನಮ್ಮ ದೇಹದ ಕಾವಲು ಪಡೆ. ಎಚ್.ಐ.ವಿ. ಆ ಪಡೆಯನ್ನೇ ಕೊಲ್ಲುತ್ತದೆ. ಕಾವಲುಗಾರ ಬಿದ್ದ ಮೇಲೆ ಕಳ್ಳನಿಗೇನು ಭಯ? ಸಿ ವೈರಸ್ಸಿನ ಸಂಖ್ಯೆ ರಕ್ತದಲ್ಲಿ ಏರುತ್ತದೆ. ತಾನಾಗಿ ಗುಣವಾಗುವವರ ಪಾಲು ಇಳಿಯುತ್ತದೆ. ಜೊತೆಗೆ ಎಚ್.ಐ.ವಿ. ಕರುಳಿನ ಗೋಡೆಯನ್ನು ಸಡಿಲ ಮಾಡುವುದರಿಂದ ಅಲ್ಲಿನ ಕೊಳೆ ಸೋರಿ ನೇರ ಲಿವರಿಗೆ ಹೋಗುತ್ತದೆ. ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆ. ಹಿಂದಿನ ಅಧ್ಯಯನಗಳನ್ನೆಲ್ಲ ಸೇರಿಸಿ 2001ರಲ್ಲಿ ಲೆಕ್ಕ ಹಾಕಿದವರು, ಸಿ ಒಂದೇ ಇದ್ದವರಿಗಿಂತ ಎರಡೂ ಇದ್ದವರಿಗೆ ಲಿವರ್ ಪೂರ್ತಿ ಕೆಡುವ ಅಪಾಯ ಸುಮಾರು ಮೂರು ಪಟ್ಟು ಎಂದರು. ಇಪ್ಪತ್ತು ಮೂವತ್ತು ವರ್ಷದ ದಾರಿ ಇವರಿಗೆ ಹತ್ತು ಹದಿನೈದು ವರ್ಷದ್ದಾಗಬಹುದು. ಮೇಲಿಂದ ಸಾರಾಯಿ ಬಿದ್ದರೆ ಇನ್ನೂ ಬೇಗ.

ಎಚ್.ಐ.ವಿ. ಮಾತ್ರೆ ಬೇಗ ಶುರು ಮಾಡಿದರೆ ಈ ವೇಗ ತಗ್ಗುತ್ತದೆ. ಆದರೆ ಪೂರ್ತಿ ನಿಲ್ಲುವುದಿಲ್ಲ. ಮತ್ತೊಂದು ತೊಡಕೂ ಇತ್ತು. 2004ರಲ್ಲಿ ಸರ್ಕಾರ ಕೊಡುತ್ತಿದ್ದ ಮಾತ್ರೆಯಲ್ಲಿ ಸ್ಟಾವುಡಿನ್, ನೆವಿರಪಿನ್ ಎಂಬ ಔಷಧಿಗಳಿದ್ದವು. ಪ್ರಾಣ ಉಳಿಸಿದ ಮಾತ್ರೆಗಳು, ಅನುಮಾನವಿಲ್ಲ. ಆದರೆ ಲಿವರಿಗೆ ಭಾರ. ಸಿ ಇದ್ದವರಿಗೆ ಇನ್ನೂ ಭಾರ. ಈಗ ಕೊಡುವ ಡೊಲುಟೆಗ್ರಾವಿರ್ ಸೇರಿದ ಮಾತ್ರೆ ಆ ಲೆಕ್ಕದಲ್ಲಿ ಎಷ್ಟೋ ವಾಸಿ.

ಐವತ್ತು ಲಕ್ಷದ ಮಾತ್ರೆ ಅಗ್ಗವಾದ ಕತೆ

"ಹಾಗಾದ್ರೆ ಸಿ ಕಾಯಿಲೆಗೆ ಔಷಧಿ ಕೊಡಬೇಕಾಗಿತ್ತಲ್ರೀ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆಗ ಇದ್ದದ್ದು ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ನು. ವಾರಕ್ಕೊಂದರಂತೆ 48 ವಾರ. ಖರ್ಚು ಲಕ್ಷಗಳ ಲೆಕ್ಕ. ಚಳಿಜ್ವರ, ಮೈಕೈ ನೋವು, ಕೂದಲು ಉದುರುವುದು, ಮನಸ್ಸು ಕುಗ್ಗುವುದು. ಇಷ್ಟೆಲ್ಲ ಅನುಭವಿಸಿದರೂ ಎರಡೂ ವೈರಸ್ಸು ಇದ್ದವರಲ್ಲಿ ಗುಣವಾಗುತ್ತಿದ್ದವರು ನೂರಕ್ಕೆ 40ರ ಆಸುಪಾಸು. ಹೊಲ ಮಾರಿ ಚುಚ್ಚಿಸಿಕೊಂಡು, ಗುಣವಾಗದೆ, ಹೊಲವೂ ಇಲ್ಲದೆ ಜೀವವೂ ಇಲ್ಲದೆ ಹೋಗುವ ಜೂಜು ಅದು. ಎಚ್.ಐ.ವಿ. ಮಾತ್ರೆ ಬಿಟ್ಟಿ, ಸಿ ಔಷಧಿಗೆ ಲಕ್ಷ. ಮಣಿಪುರದ ರೋಗಿಗಳ ಸಂಘಟನೆಗಳು "ಒಂದು ಕಾಯಿಲೆಯಿಂದ ಬದುಕಿಸಿ ಇನ್ನೊಂದಕ್ಕೆ ಬಿಟ್ಟುಬಿಡ್ತೀರಾ?" ಎಂಬ ಅರ್ಥದ ಪ್ರಶ್ನೆಯನ್ನು ವರ್ಷಗಟ್ಟಲೆ ಸರ್ಕಾರದ ಮುಂದಿಟ್ಟವು.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆಗೆ ಪರವಾನಗಿ ಸಿಕ್ಕಿತು. ಬಾಯಲ್ಲಿ ನುಂಗುವ ಮಾತ್ರೆ, ದಿನಕ್ಕೊಂದು, ಹನ್ನೆರಡು ವಾರ. ಗುಣ ಅದ್ಭುತ. ಬೆಲೆಯೂ ಅದ್ಭುತ! ಒಂದು ಮಾತ್ರೆಗೆ ಸಾವಿರ ಡಾಲರು, ಒಂದು ಸುತ್ತಿಗೆ 84 ಸಾವಿರ ಡಾಲರು. ಆಗಿನ ನಮ್ಮ ದುಡ್ಡಿನಲ್ಲಿ ಸುಮಾರು ಐವತ್ತು ಲಕ್ಷ ರೂಪಾಯಿ.

ಮುಂದಿನ ವರ್ಷ, 2014ರ ಸೆಪ್ಟೆಂಬರಿನಲ್ಲಿ, ಗಿಲಿಯಡ್ ಕಂಪೆನಿ ಭಾರತದ ಏಳು ಕಂಪೆನಿಗಳಿಗೆ ಅದನ್ನು ತಯಾರಿಸುವ ಹಕ್ಕು ಕೊಟ್ಟಿತು. ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಕೂಡ ಒಂದು. ಕಂಪೆನಿಗೆ ದಿಢೀರನೆ ದಯೆ ಬಂತು ಅಂತ ತಿಳಿಯಬೇಡಿ. ಇಲ್ಲಿ ಪೇಟೆಂಟಿನ ವಿರುದ್ಧ ತಕರಾರು ಎದ್ದಿತ್ತು, ಬೇರೆ ಕಂಪೆನಿಗಳು ತಯಾರಿಗೆ ತುದಿಗಾಲಲ್ಲಿ ನಿಂತಿದ್ದವು. ಒಬ್ಬನೇ ಮಾರಿದರೆ ಅವನು ಹೇಳಿದ್ದೇ ಬೆಲೆ, ಹತ್ತು ಅಂಗಡಿ ತೆರೆದರೆ ಗಿರಾಕಿ ಹೇಳಿದ್ದು ಬೆಲೆ. ಇದನ್ನು ನಮ್ಮ ಪೇಟೆ ಬೀದಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ಇಲ್ಲಿನ ಮಾತ್ರೆ ಮಾರುಕಟ್ಟೆಗೆ ಬಂತು. ಆಮೇಲಿನ ವರ್ಷಗಳಲ್ಲಿ ಬೆಲೆ ಸಾವಿರಗಳಿಗೆ ಇಳಿಯಿತು.

2016ರಲ್ಲಿ ಪಂಜಾಬ್ ಸರ್ಕಾರ ತನ್ನ ರಾಜ್ಯದ ಸಿ ರೋಗಿಗಳಿಗೆ ಇದನ್ನು ಉಚಿತ ಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ತಂದಿತು. ಪರೀಕ್ಷೆ ಉಚಿತ, ಮಾತ್ರೆ ಉಚಿತ. ಎಚ್.ಐ.ವಿ. ಇದ್ದವರಲ್ಲೂ ಈ ಮಾತ್ರೆ ಇಲ್ಲದವರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂದೆ ಎರಡೂ ಇದ್ದವರನ್ನು "ಕಷ್ಟದ ಕೇಸು" ಅನ್ನುತ್ತಿದ್ದರು. ಈಗ ಆ ಮಾತಿಗೆ ಅರ್ಥವಿಲ್ಲ.

ಅನ್ನ ಬೆಂದಿದೆ, ಬಡಿಸುವವರು ಬೇಕು

ಔಷಧಿ ಇದೆ, ದುಡ್ಡೂ ಬೇಕಾಗಿಲ್ಲ. ಕೊರತೆ ಇರುವುದು ಒಂದೇ: ಪರೀಕ್ಷೆ. ಸಿ ಇದೆ ಅಂತ ಗೊತ್ತಾದರೆ ತಾನೆ ಮಾತ್ರೆ? ಮೊದಲೇ ಹೇಳಿದೆವು, ಇದು ಸದ್ದಿಲ್ಲದ ಕಾಯಿಲೆ. ಹೊಟ್ಟೆ ಉಬ್ಬಿದ ಮೇಲೆ ಬಂದರೆ ವೈರಸ್ಸನ್ನು ಓಡಿಸಬಹುದು, ಆದರೆ ಗಟ್ಟಿಯಾದ ಲಿವರನ್ನು ಮೊದಲಿನ ಹಾಗೆ ಮಾಡುವ ಖಾತರಿ ಯಾರೂ ಕೊಡಲಾರರು.

ಪರೀಕ್ಷೆ ಎರಡು ಮೆಟ್ಟಿಲು. ಮೊದಲನೆಯದು, ಬೆರಳ ತುದಿಯ ರಕ್ತದಲ್ಲಿ ಆಗುವಂಥದ್ದು; ಸಿ ಎಂದಾದರೂ ದೇಹ ಹೊಕ್ಕಿತ್ತೇ ಎಂದು ಹೇಳುತ್ತದೆ. ಅದರಲ್ಲಿ ಹೌದು ಎಂದು ಬಂದರೆ ಎರಡನೆಯದು ಆರ್‌ಎನ್‌ಎ ಪರೀಕ್ಷೆ. ವೈರಸ್ಸು ಈಗಲೂ ಇದೆಯೇ ಎಂದು ಹೇಳುತ್ತದೆ. ಸಿಡಿ4 ತೀರ ಕುಸಿದವರಲ್ಲಿ ಮೊದಲನೆಯ ಪರೀಕ್ಷೆ ಸಿ ಇದ್ದರೂ ಇಲ್ಲ ಅನ್ನಬಹುದು. ಅಂಥವರಿಗೆ ಡಾಕ್ಟರು ನೇರವಾಗಿ ಎರಡನೆಯದನ್ನು ಮಾಡಿಸುವುದು ಒಳ್ಳೆಯದು.

ತೊಂದರೆ ಶುರುವಾಗುವುದು ಈ ಎರಡು ಮೆಟ್ಟಿಲಿನ ನಡುವೆಯೇ. ಎಚ್.ಐ.ವಿ. ಮಾತ್ರೆ ಒಂದು ಕೋಣೆಯಲ್ಲಿ, ಹೆಪಟೈಟಿಸ್ ಚೀಟಿ ಇನ್ನೊಂದು ಕೋಣೆಯಲ್ಲಿ. ರಕ್ತ ಕೊಟ್ಟದ್ದು ಇವತ್ತು, ಫಲಿತಾಂಶಕ್ಕೆ ಬಾ ಅಂದದ್ದು ಬರುವ ವಾರ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಮೂರು ಸಲ ಬರುವವರು ಎಷ್ಟು ಮಂದಿ? ಮೊದಲೇ ಊರಿನ ಕಣ್ಣಿಗೆ ಹೆದರಿ ಮಾತ್ರೆ ಡಬ್ಬಿಯ ಚೀಟಿ ಕಿತ್ತೆಸೆದು ಮನೆಗೆ ಒಯ್ಯುವ ಜನ. ಅವರಿಗೆ ಮತ್ತೊಂದು ಸಾಲು, ಮತ್ತೊಂದು ಪ್ರಶ್ನೆ, ಮತ್ತೊಂದು ಹೆಸರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ.

ನಮಗ್ಯಾಕ್ರೀ ಮಣಿಪುರದ ಕತೆ?

ನಮ್ಮ ಕರ್ನಾಟಕದಲ್ಲಿ ಎಚ್.ಐ.ವಿ. ಬಂದ ದಾರಿ ಬೇರೆ, ನಿಜ. ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಾಗಲಿ ಬೇರೆ ಕಡೆಯಾಗಲಿ ಇಲ್ಲಿ ಅದು ಬಂದದ್ದು ಮುಖ್ಯವಾಗಿ ದೇಹ ಸಂಪರ್ಕದಿಂದ. ಹಾಗಾಗಿ ಮಣಿಪುರದಲ್ಲಿದ್ದಷ್ಟು ಜೋಡಿ ಕಾಯಿಲೆ ಇಲ್ಲಿಲ್ಲ. ಇಲ್ಲಿನ ಎಚ್.ಐ.ವಿ. ರೋಗಿಗಳೆಲ್ಲ ಈ ಬರಹ ಓದಿ ಗಾಬರಿಯಾಗಬೇಕಾಗಿಲ್ಲ.

ಆದರೆ ಸೂಜಿ ಮಣಿಪುರದ ಸ್ವತ್ತಲ್ಲ. ಜ್ವರ ಬಂದರೆ ಮಾತ್ರೆ ಬೇಡ, "ಒಂದು ಸೂಜಿ ಹಾಕಿ ಡಾಕ್ಟ್ರೇ" ಅನ್ನುವ ಜನ ನಾವು. ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗರಮೌನಲ್ಲಿ ಏನಾಯಿತು ಎಂದು 2018ರ ಫೆಬ್ರವರಿಯಲ್ಲಿ ಪತ್ರಿಕೆಗಳು ಬರೆದವು. ಸೈಕಲ್ಲಿನಲ್ಲಿ ಊರೂರು ತಿರುಗಿ ಅಗ್ಗದಲ್ಲಿ ಸೂಜಿ ಹಾಕುತ್ತಿದ್ದ ನಕಲಿ ಡಾಕ್ಟರೊಬ್ಬ ಒಂದೇ ಸಿರಿಂಜನ್ನು ಹಲವರಿಗೆ ಚುಚ್ಚಿದ ಎಂಬ ಆರೋಪ. ಆ ಸುತ್ತಿನ ಶಿಬಿರಗಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿಗೆ ಎಚ್.ಐ.ವಿ. ಪತ್ತೆಯಾಯಿತು. ಎಚ್.ಐ.ವಿ. ಹೋಗುವ ಸೂಜಿಯಲ್ಲಿ ಸಿ ಇನ್ನೂ ಸಲೀಸಾಗಿ ಹೋಗುತ್ತದೆ.

ರಕ್ತದ ವಿಷಯವೂ ಇದೆ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಎಚ್.ಐ.ವಿ. ಪರೀಕ್ಷೆ ಕಡ್ಡಾಯವಾದದ್ದು 1989ರಲ್ಲಿ. ದುಡ್ಡಿಗೆ ರಕ್ತ ಮಾರುವುದು ನಿಷೇಧವಾದದ್ದು ಸುಪ್ರೀಂ ಕೋರ್ಟು ಛೀಮಾರಿ ಹಾಕಿದ ಮೇಲೆ, 1998ರ ಜನವರಿ 1ರಿಂದ. ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು ಅದಕ್ಕೂ ತಡ, ಈ ಶತಮಾನದ ಆರಂಭದಲ್ಲಿ. ಅಂದರೆ ಅದಕ್ಕೆ ಮುಂಚೆ ಹೆರಿಗೆಯಲ್ಲೋ, ಆಪರೇಷನ್ನಿನಲ್ಲೋ, ಅಪಘಾತದಲ್ಲೋ ರಕ್ತ ಹಾಕಿಸಿಕೊಂಡವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಇಂಥವರು ಎಚ್.ಐ.ವಿ. ಇರಲಿ ಬಿಡಲಿ ಒಂದು ಸಲ ಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಎಂದೋ ಒಂದು ಸಲ ಚಟಕ್ಕೆ ಸೂಜಿ ಚುಚ್ಚಿಕೊಂಡು ಬಿಟ್ಟವರು ಕೂಡ. ಕ್ಷೌರಕ್ಕೆ ಕೂತಾಗ ಹೊಸ ಬ್ಲೇಡು ಹಾಕಿಸಿ. ಅದರಲ್ಲಿ ಸಂಕೋಚ ಬೇಡ.

ಇನ್ನು ನಮ್ಮ ಕಡೆಯ ಕಾಮಾಲೆ ಔಷಧಿ. ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಕುಡಿಸುವುದು, ಪಥ್ಯ ಹಿಡಿಸುವುದು ತಲೆಮಾರಿನಿಂದ ಬಂದದ್ದು. ಕೊಳಕು ನೀರಿನಿಂದ ಬರುವ ಎ ಕಾಮಾಲೆ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ, ಹೆಸರು ಪಂಡಿತರಿಗೆ ಹೋಗುತ್ತದೆ. ಆದರೆ ಎಚ್.ಐ.ವಿ. ಇದ್ದವರ ಕಣ್ಣು ಹಳದಿಯಾದರೆ ಅಲ್ಲಿ ಪರೀಕ್ಷೆಯಿಲ್ಲದೆ ಒಂದು ದಿನವೂ ಕಳೆಯಬಾರದು.

ಏನು ಮಾಡಬೇಕು?

ಎಚ್.ಐ.ವಿ. ಮಾತ್ರೆ ತಿನ್ನುವವರು ಮುಂದಿನ ಸಲ ಹೋದಾಗ ಕೌಂಟರಿನಲ್ಲಿ ಒಂದೇ ಮಾತು ಕೇಳಲಿ: "ನನಗೆ ಹೆಪಟೈಟಿಸ್ ಸಿ, ಬಿ ಪರೀಕ್ಷೆ ಆಗಿದೆಯಾ?" ಇಲ್ಲ ಅಂದರೆ ಮಾಡಿಸಿ. ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಸಿ ಇದೆ ಅಂತ ಬಂದರೆ ಎದೆಗುಂದಬೇಡಿ, ಅದು ಗುಣವಾಗುವ ಕಾಯಿಲೆ. ಆದರೆ ನೀವು ತಿನ್ನುವ ಎಲ್ಲ ಮಾತ್ರೆಯ ಹೆಸರೂ ಡಾಕ್ಟರಿಗೆ ಹೇಳಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಜೊತೆ ಸಿ ಮಾತ್ರೆ ಕೂಡಿಬರುವುದಿಲ್ಲ. ಕೆಲವು ಎಚ್.ಐ.ವಿ. ಮಾತ್ರೆಯ ಜೊತೆ ಅಳತೆ ಬದಲಿಸಬೇಕಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವ ಔಷಧಿ ಇದಲ್ಲ. ಹೆಂಡ ಬಿಡಬೇಕು. ಗುಣವಾದ ಮೇಲೂ ಹಳೆ ಸೂಜಿಗೆ ಹೋದರೆ ಕಾಯಿಲೆ ಮತ್ತೆ ಬರುತ್ತದೆ.

ಜೊತೆಗೆ ಉಂಡರೆ, ಕೈ ಕುಲುಕಿದರೆ, ಒಂದೇ ಸೀಟಿನಲ್ಲಿ ಕೂತರೆ, ಸೊಳ್ಳೆ ಕಚ್ಚಿದರೆ ಈ ಎರಡೂ ಬರುವುದಿಲ್ಲ. ಕಾಯಿಲೆ ಕಾರಣಕ್ಕೆ ಎಚ್.ಐ.ವಿ. ಇದ್ದವರನ್ನು ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್.ಐ.ವಿ. ಕಾಯಿದೆ ಪ್ರಕಾರ ಅಪರಾಧದ ದಾರಿ. ಅಂಗಡಿ ಯಜಮಾನರು ಇದನ್ನು ನೆನಪಿಡಲಿ. ಸಂಶಯವಿದ್ದವರು 1097ಕ್ಕೆ ಬಿಟ್ಟಿಯಾಗಿ ಫೋನು ಮಾಡಿ ಕೇಳಬಹುದು. ಹೆಸರು ಹೇಳಬೇಕಾಗಿಲ್ಲ.

ಇನ್ನು ಆರೋಗ್ಯ ಇಲಾಖೆಗೆ ನಮ್ಮ ಪ್ರಶ್ನೆಗಳು. ನಮ್ಮ ಜಿಲ್ಲೆಯಲ್ಲಿ ಎಚ್.ಐ.ವಿ. ಮಾತ್ರೆ ಪಡೆಯುತ್ತಿರುವವರಲ್ಲಿ ಎಷ್ಟು ಮಂದಿಗೆ ಸಿ ಪರೀಕ್ಷೆ ಆಗಿದೆ? ಸಿ ಇದೆ ಎಂದು ಬಂದವರಲ್ಲಿ ಎಷ್ಟು ಮಂದಿ ಎರಡನೆಯ ಪರೀಕ್ಷೆಗೆ ತಲುಪಿದರು? ಎಷ್ಟು ಮಂದಿ ಹನ್ನೆರಡು ವಾರ ಮುಗಿಸಿದರು? ಎರಡೂ ಪರೀಕ್ಷೆಗೆ ಒಂದೇ ದಿನ, ಒಂದೇ ಕೋಣೆಯಲ್ಲಿ ರಕ್ತ ತೆಗೆದರೆ ಯಾರಪ್ಪನ ಗಂಟು ಹೋಗುತ್ತದೆ? 2030ರ ಹೊತ್ತಿಗೆ ಹೆಪಟೈಟಿಸ್ ಸಿಯನ್ನು ದೇಶದಿಂದಲೇ ತೊಲಗಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿದೆ. ಪ್ರತಿ ಜುಲೈ 28ಕ್ಕೆ ಬ್ಯಾನರು ಕಟ್ಟಿ, ಜಾಥಾ ಹೊರಟು, ಫೋಟೋ ತೆಗೆಸಿಕೊಂಡರೆ ವೈರಸ್ಸು ತೊಲಗುವುದಿಲ್ಲ. ಮೇಲಿನ ನಾಲ್ಕು ಪ್ರಶ್ನೆಗೆ ಲೆಕ್ಕ ಕೊಡಲಿ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ದಿನಾ ಮಾತ್ರೆ ನುಂಗಿ ಏಡ್ಸ್ ಜೊತೆ ಹೋರಾಡಿ ಉಳಿದಿದ್ದಾನೆ. ಅವನನ್ನು ಹನ್ನೆರಡು ವಾರದಲ್ಲಿ ಗುಣವಾಗುವ ಕಾಯಿಲೆಗೆ ಕಳಕೊಂಡರೆ ಆ ಸಾವಿನ ಚೀಟಿಯಲ್ಲಿ ವೈರಸ್ಸಿನ ಹೆಸರಷ್ಟೇ ಬರೆದರೆ ಸಾಲದು.